ಅಮ್ಮನ ಒಪ್ಪಿಗೆ, ಆರಂಕಿ

ಹೈದರಾಬಾದಿನ ತಾರ್ನಾಕದ ಒಂದು ಕನ್ನಡದ ಮನೆ. ಕಲಬುರಗಿ ಕಡೆಯ ಅಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ. ಅವರ ಫೋನು ಏಳನೇ ಕ್ಲಾಸಿನ ಮಗನ ಕೈಯಲ್ಲಿದೆ. ಅದಕ್ಕೆ ಆಗಷ್ಟೇ ಬಂದಿಳಿದ ಓಟಿಪಿ ಮಾತಿಗೆ ಸಿಕ್ಕಿತು.

ನಾನು: ನಮಸ್ಕಾರ. ತಮ್ಮ ಉದ್ಯೋಗ?

ಓಟಿಪಿ: ಬೇಗ ಕೇಳಿ, ನನ್ನ ಆಯುಸ್ಸು ಕೆಲವೇ ನಿಮಿಷ. ನಾನು ಪೋಷಕರ ಒಪ್ಪಿಗೆ. ಬಿಜಿಎಂಐ ಎಂಬ ಬಂದೂಕಿನ ಗೇಮು ಆಡುವ ಹುಡುಗ ತನಗೆ ಹದಿನೆಂಟಾಗಿಲ್ಲ ಎಂದರೆ ಹೆತ್ತವರ ನಂಬರಿಗೆ ನನ್ನನ್ನು ಅಟ್ಟುತ್ತಾರೆ.

ನಾನು: ಹೆತ್ತವರು ಓದುತ್ತಾರಾ?

ಓಟಿಪಿ: ನಂಬರು ಹೆತ್ತವರದು, ಹೆಬ್ಬೆರಳು ಹುಡುಗನದು. ಇವನು ಪ್ರಾಮಾಣಿಕ, ಅದಕ್ಕೇ ನನಗೆ ಕೆಲಸ ಸಿಕ್ಕಿತು. ಮೇಲಿನ ಮನೆಯವನು ಹದಿನೆಂಟಾಯಿತೇ ಎಂದದ್ದಕ್ಕೆ 'ಹೌದು' ಒತ್ತಿ ಆ ಕ್ಷಣವೇ ವಯಸ್ಕನಾದ. ಅಲ್ಲಿಗೆ ನನ್ನನ್ನು ಕರೆಯಲೇ ಇಲ್ಲ.

ನಾನು: ಗೇಮಿನ ತುಂಬಾ ಹಿಂಸೆ ಅಂತಾರಲ್ಲ?

ಓಟಿಪಿ: ನೆತ್ತರಿಗೆ ಹಸಿರು ಬಣ್ಣ ಕೊಟ್ಟಿದ್ದೇವಲ್ಲ ಸ್ವಾಮಿ! ಗುಂಡು ಅದೇ, ಬೀಳುವವನೂ ಅವನೇ, ನೆಲ ಮಾತ್ರ ಕೆಂಪಾಗುವುದಿಲ್ಲ.

(ನೆತ್ತರಿನ ಬಣ್ಣ ಹಿಡಿದು ಜಗಳವಾಡುವುದು ದೊಡ್ಡವರಿಗೆ ಸಲೀಸು. ಮಗನ ಪಕ್ಕ ಕೂತು ಅವನು ಆಡುವುದನ್ನು ಒಂದು ಗಂಟೆ ನೋಡಿ ಎಂದರೆ ಯಾರಿಗೂ ಪುರುಸೊತ್ತಿಲ್ಲ. ಇದು ನನ್ನ ಮಾತು, ಓಟಿಪಿಯದಲ್ಲ.)

ನಾನು: ಸರ್ಕಾರ ಒಮ್ಮೆ ನಿಷೇಧಿಸಿತ್ತಲ್ಲ?

ಓಟಿಪಿ: ಅದು ನಮ್ಮಣ್ಣ, ಪಬ್‌ಜಿ. 2020ರ ಸೆಪ್ಟೆಂಬರ್ 2ರಂದು 118 ಆಪ್‌ಗಳ ಗುಂಪಿನಲ್ಲಿ ಹೋದ. ಕೊಟ್ಟ ಕಾರಣ ದೇಶದ ಭದ್ರತೆ, ಬಳಕೆದಾರರ ಮಾಹಿತಿ. ಮಕ್ಕಳ ಮನಸ್ಸಲ್ಲ. ಆಗ ಮಕ್ಕಳು ಆನ್‌ಲೈನ್ ಕ್ಲಾಸಿಗೆಂದು ನೀವೇ ಕೊಡಿಸಿದ ಫೋನು ಹಿಡಿದು ಕೂತಿದ್ದರು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೊಸ ಹೆಸರು ಹೊತ್ತು ಬಂದೆವು, ಮರುವರ್ಷ ಜುಲೈನಲ್ಲಿ ಹೊರಗೆ, 2023ರ ಮೇನಲ್ಲಿ ಮತ್ತೆ ಒಳಗೆ.

ನಾನು: ಮಿತಿಗಳಿವೆಯಂತೆ?

ಓಟಿಪಿ: ಮಕ್ಕಳಿಗೆ ದಿನಕ್ಕೆ ಮೂರೇ ಗಂಟೆ. ಹೋಮ್‌ವರ್ಕಿಗೂ ಅಷ್ಟು ಹೊತ್ತು ಸಿಗುವುದಿಲ್ಲ ಬಿಡಿ. 2021ರಲ್ಲಿ ಖರ್ಚಿಗೂ ಮಿತಿ ಹಾಕಿದರು: ದಿನಕ್ಕೆ 7,000 ರೂಪಾಯಿ. ಅಷ್ಟರಲ್ಲಿ ಈ ಮನೆಯ ಎಷ್ಟು ದಿನದ ಕಿರಾಣಿ ಆಗುತ್ತದೆಂದು ಅಮ್ಮನನ್ನೇ ಕೇಳಿ.

ನಾನು: ವಿಜ್ಞಾನ ಏನನ್ನುತ್ತದೆ?

ಓಟಿಪಿ: ತಾರ್ನಾಕದಲ್ಲಿ ವಿಜ್ಞಾನಕ್ಕೇನು ಬರ? ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಇಲ್ಲೇ ಕೂತು ತಟ್ಟೆಯಲ್ಲಿ ಏನಿರಬೇಕೆಂದು ದೇಶಕ್ಕೆಲ್ಲ ಹೇಳುತ್ತದೆ. ತಟ್ಟೆಗೆ ಒರಗಿಸಿಟ್ಟ ಫೋನನ್ನು ಮನೆಯವರೇ ನೋಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ ಗೇಮಿಂಗ್ ಗೀಳೂ ಇದೆ. ಅಲ್ಲಿ ಬಂದೂಕಿನ ಮಾತಿಲ್ಲ, ಊಟ ನಿದ್ದೆ ಓದು ಬಿಟ್ಟರೂ ಆಟ ಬಿಡಲಾಗದವರ ಮಾತಿದೆ. ಬಂದೂಕಿನ ಮಾತು ಕೋರ್ಟಿಗೆ ಹೋದದ್ದುಂಟು: ಹಿಂಸೆಯ ಗೇಮುಗಳನ್ನು ಮಕ್ಕಳಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ ಮಾಡಿದ್ದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅಲ್ಲಿ ಒಂಬತ್ತು ಜಡ್ಜುಗಳು ತಲೆ ಕೆಡಿಸಿಕೊಂಡದ್ದನ್ನು ಇಲ್ಲಿ ನನ್ನೊಬ್ಬನ ಹೆಗಲಿಗೆ ಹೊರಿಸಿದ್ದಾರೆ.

ನಾನು: ಹಾಗಾದರೆ ಮಕ್ಕಳು ಆಡಬಹುದೋ, ಬಾರದೋ?

ಓಟಿಪಿ: ನಾನು ಆರಂಕಿಯ ಆಳು. ಒಪ್ಪಿಗೆ ಕೊಟ್ಟವರು ಅಡುಗೆಮನೆಯಲ್ಲಿದ್ದಾರೆ, ಕೂಗಿ.

ಕೂಗಿದೆ. ಅಮ್ಮ ರೊಟ್ಟಿ ಬಡಿಯುತ್ತಲೇ ಅಂದರು: "ಓಟಿಪಿ ಬಂದದೇನ್ರಿ? ಯಾರಿಗೂ ಹೇಳಬ್ಯಾಡಂತ ಅವನಿಗೆ ಹೇಳೀನ್ರಿ."