ಪಂಚಮ ಪ್ರಮಾಣ: ಇಮೇಲ್ ದೃಢೀಕರಣದ ಒಂದು ಶಾಸ್ತ್ರೀಯ ವಿವೇಚನೆ

ಪೀಠಿಕೆ: ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕೇ ಪ್ರಮಾಣ ಎಣಿಸಿ ಕೈತೊಳೆದುಕೊಂಡರು. ಐದನೆಯದು ಅವರಿಗೆ ಹೊಳೆಯಲೇ ಇಲ್ಲ: ‘ನಿಮ್ಮ ಇಮೇಲ್‌ಗೆ ಲಿಂಕ್ ಕಳಿಸಿದ್ದೇವೆ, ಒತ್ತಿ.’

ಉಗಮ: ಬೇರೆ ಬೇರೆ ಕಂಪ್ಯೂಟರ್‌ಗಳ ನಡುವೆ ಮೊದಲ ಇಮೇಲ್ ಕಳಿಸಿದವನು ರೇ ಟಾಮ್ಲಿನ್‌ಸನ್, 1971ರಲ್ಲಿ, ಎಂಬುದು ಪಾಶ್ಚಾತ್ಯರ ಮತ. ನಮ್ಮ ಮತದಲ್ಲಿ ಮೊದಲ ಸರ್ವರ್ ವಿಜಯಪುರದ ಗೋಳಗುಮ್ಮಟ, 1656. ಪಿಸುಮಾತಿನ ಗ್ಯಾಲರಿಯಲ್ಲಿ ‘ನಾನು’ ಎಂದರೆ ‘ನಾನು, ನಾನು’ ಎಂದು ಮತ್ತೆ ಮತ್ತೆ ದೃಢೀಕರಣ ಬರುತ್ತದೆ. ಕೂಗಿದವನು ಯಾರೆಂದು ಗುಮ್ಮಟ ಕೇಳುವುದಿಲ್ಲ. ಕೆಳಗೆ ಮಲಗಿರುವ ಮೊಹಮ್ಮದ್ ಆದಿಲ್ ಶಾಹ ಯಾರಿಗೂ ಉತ್ತರ ಕೊಟ್ಟಿಲ್ಲ. ಸಹಾಯವಾಣಿಯ ಮೂಲವೂ ಅಲ್ಲೇ.

ಪೂರ್ವಪಕ್ಷ: ದೃಢೀಕರಣ ಬೇಕೇ ಬೇಕು. ಬಬಲೇಶ್ವರದ ಹುಡುಗ ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಅವನ ನೌಕರಿಯ ಕರೆ ಯಾರದೋ ಡಬ್ಬಿಗೆ ಬೀಳುತ್ತದೆ. ಬೇಕಂತಲೇ ಪರರ ವಿಳಾಸ ಬರೆಯುವವರೂ ಉಂಟು. ಆದ್ದರಿಂದ ಜಾಲತಾಣವು ಊಹೆಗೆ ಸಿಗದ ಗುಟ್ಟಿನ ಲಿಂಕ್ ಕಳಿಸಿ, ಗಡುವಿನೊಳಗೆ ಒತ್ತಿದವನನ್ನೇ ನಂಬುತ್ತದೆ.

ಕ್ಷೇತ್ರಕಾರ್ಯ: ತಿಕೋಟಾದ ಒಂದು ಆನ್‌ಲೈನ್ ಸೆಂಟರ್. ಅರ್ಜಿದಾರರು ದ್ರಾಕ್ಷಿ ಬೆಳೆಗಾರರು.
‘ಕಾಕಾ, ಇಮೇಲ್ ಐತೇನ್ರಿ?’
‘ಮಗ ಮಾಡಿ ಕೊಟ್ಟಿದ್ದ ತಮ್ಮಾ. ಅಂವಾ ಪುಣೇಕ ಹೋಗ್ಯಾನ.’
‘ಪಾಸ್‌ವರ್ಡ್?’
‘ಅದೂ ಅವನ ಕೂಡನ ಹೋಗೇತಿ.’
‘ಬಿಡ್ರಿ, ನಮ್ಮದ ಹಾಕತೀನಿ.’

ತಮ್ಮ ತನ್ನ ಜಿಮೇಲ್ ವಿಳಾಸದ ನಡುವೆ ಒಂದು ಚುಕ್ಕೆ ಇಟ್ಟ. ಜಿಮೇಲ್ ಆ ಚುಕ್ಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಜಾಲತಾಣ ಹಿಡಿಯುತ್ತದೆ. ಚುಕ್ಕೆ ಸರಿದಂತೆ ಹೊಸ ಮನುಷ್ಯ; ಡಬ್ಬಿ ಅದೇ. ಮುಂಜಾನೆಯಿಂದ ಎಷ್ಟೋ ರೈತರು ಹೀಗೆ ಅವನ ಹೆಸರಿನ ಸಂದಿಗೊಂದಿಗಳಲ್ಲಿ ಜನ್ಮ ತಾಳಿದ್ದರು.

ಸಿದ್ಧಾಂತ: ಲಿಂಕ್ ಒತ್ತಿದ್ದರಿಂದ ಸಿದ್ಧವಾಗುವುದು ಇಷ್ಟೇ: ಡಬ್ಬಿಯೊಂದಿದೆ, ಅದನ್ನು ತೆರೆಯುವವನೊಬ್ಬನಿದ್ದಾನೆ. ಅವನು ಕಾಕಾನೇ ಎಂಬುದು ಸಿದ್ಧವಾಗದು. ಆಧಾರ್, ಉತಾರ, ಪಾಸ್‌ಬುಕ್ ಹಿಡಿದು ನಿಂತ, ಅಂಗಡಿಯಲ್ಲಿದ್ದವರೆಲ್ಲ ಅಪ್ಪನ ಹೆಸರಿನಿಂದ ಬಲ್ಲ ಮನುಷ್ಯ ‘ದೃಢೀಕರಿಸದ ಬಳಕೆದಾರ’. ಚುಕ್ಕೆ ಮಾತ್ರ ದೃಢ.

ಶಿಫಾರಸು: ಸದರಿ ತಮ್ಮನು ಬೆಂಗಳೂರಿಗೆ ಗುಳೆ ಹೋಗದಂತೆ ತಾಲ್ಲೂಕು ಆಡಳಿತವು ಕ್ರಮ ಕೈಗೊಳ್ಳತಕ್ಕದ್ದು. ಅವನು ಪಾಸ್‌ವರ್ಡ್ ಮರೆತ ದಿನ ತಿಕೋಟಾದ ಜನಸಂಖ್ಯೆ ಸೊನ್ನೆ.