ಎಂಬತ್ತು ಲಕ್ಷದ ಆಯುಸ್ಸು

(1987ರ ಮಾರ್ಚ್. ಒಕ್ಲಹೋಮದ ಟಲ್ಸಾ. ಟೀವಿ ಮುಂದೆ ಗಂಡ-ಹೆಂಡತಿ.)

ಹೆಂಡತಿ: ಏನಂತೆ ಈ ಟೀವಿ ಪಾದ್ರಿ ಓರಲ್ ರಾಬರ್ಟ್ಸ್ ಗೋಳು?

ಗಂಡ: ಈ ತಿಂಗಳೊಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ಕರೆಸಿಕೊಳ್ತಾನಂತೆ.

ಹೆಂಡತಿ: ಸ್ವರ್ಗಕ್ಕೇ ತಾನೆ? ಇಷ್ಟು ವರ್ಷ ನಮ್ಮನ್ನ ಅಲ್ಲಿಗೆ ಹೊರಡಿಸ್ತಿದ್ದೋರು, ತಮ್ಮ ಸರದಿ ಬಂದಾಗ ಯಾಕೆ ಈ ಕೊಸರಾಟ?

ಗಂಡ: ಶ್! ವೈದ್ಯ ವಿದ್ಯಾರ್ಥಿಗಳಿಗಂತೆ ದುಡ್ಡು.

ಹೆಂಡತಿ: 900 ಅಡಿ ಎತ್ತರದ ಯೇಸುವನ್ನ ಕಂಡೆ ಅಂತ ಹೇಳಿ ಕಟ್ಟಿ ಮುಗಿಸಿದ ಆ 60 ಅಂತಸ್ತಿನ ಚಿಕಿತ್ಸಾ ಗೋಪುರಕ್ಕಾ? ರೋಗಿಗಳೇ ಇಲ್ಲವಲ್ರೀ!

ಗಂಡ: ಟೀವಿ ಮುಟ್ಟಿದರೆ ರೋಗ ವಾಸಿ ಅಂತ ಅವರೇ ಹೇಳಿಕೊಟ್ಟ ಮೇಲೆ ಆಸ್ಪತ್ರೆಗೆ ಯಾರು ಹೋಗ್ತಾರೆ?

(ಕೆಲವು ದಿನಗಳ ನಂತರ.)

ಗಂಡ: ಬದುಕಿಕೊಂಡರು! ಕೊರತೆ ಬಿದ್ದ 13 ಲಕ್ಷ ಫ್ಲಾರಿಡಾದವನೊಬ್ಬ ಕೊಟ್ಟ. ನಾಯಿ ಓಟದ ಜೂಜುಕಟ್ಟೆ ಮಾಲೀಕ.

ಹೆಂಡತಿ: ಜೂಜು ಪಾಪವಲ್ವೆ?

ಗಂಡ: ಚೆಕ್ಕಿಗೆ ಪಾಪ ಅಂಟಲ್ಲ ಕಣೆ.

ಹೆಂಡತಿ: ಛೆ, ಮೊದಲೇ ಗೊತ್ತಿದ್ದರೆ ಇವರ ಆಯುಸ್ಸಿನ ಮೇಲೇ ಬಾಜಿ ಕಟ್ಟಬಹುದಿತ್ತು!