ಹೊಂಗೆ ನಂ. 14, ಹಾಜರ್

ಚಾಂಪಿಯನ್ ರೀಫ್‌ನಲ್ಲಿ ನೆಲವನ್ನು ಮೂರು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದು ಚಿನ್ನ ಎತ್ತಿದ ಊರು ನಮ್ಮ ಕೆ.ಜಿ.ಎಫ್. ಅದೇ ಊರಿನಲ್ಲಿ ಈಗ ಸಸಿ ನೆಡಲು ಒಂದೂವರೆ ಅಡಿ ಗುಂಡಿ ತೋಡಬೇಕಾದರೆ ಎರಡು ಮೀಟಿಂಗು, ಒಂದು ಬ್ಯಾನರು, ಆರು ಡಜನ್ ಬಾಳೆಹಣ್ಣು ಬೇಕು. ತೋಡುವುದಕ್ಕೆ ಮಾತ್ರ ಒಬ್ಬರೇ ಸಾಕು. ಅವರೇ ಸಸಿ ಸಾರ್.

ಇವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬರಿದ್ದಾರೆ, ಊರಿಗಾಂ ಕಡೆ ಒಬ್ಬರು, ಬೆಮೆಲ್ ನಗರದಲ್ಲಂತೂ ಬೀದಿಗಿಬ್ಬರು. ಅರುವತ್ತು ದಾಟಿದ ವಯಸ್ಸು, ಬೇಸಿಗೆಯಲ್ಲೂ ಕಳಚದ ಮಫ್ಲರು, ಟಿವಿಎಸ್ ಎಕ್ಸೆಲ್ಲಿನ ಮುಂದೆ ನೀರಿನ ಕ್ಯಾನು, ಹಿಂದೆ ಗುದ್ದಲಿ. ಗಾಡಿ ನಿಂತ ಸದ್ದಾದರೆ ಪಾರ್ಕಿನ ಬೆಂಚುಗಳು ತಾವಾಗಿ ಖಾಲಿಯಾಗುತ್ತವೆ. ಕೂತವರ ಕೈಗೆ ಕುಡುಗೋಲು ಕೊಡುವುದು ಅವರ ಅಭ್ಯಾಸ.

ನಾನು ಬಲ್ಲ ಸಸಿ ಸಾರ್ ಗಣಿಯ ಟೈಮ್ ಆಫೀಸಿನಲ್ಲಿದ್ದವರು. ಯಾರು ಫಸ್ಟ್ ಶಿಫ್ಟಿಗೆ ಇಳಿದರು, ಯಾರು ಮೇಲೆ ಬಂದರು, ಯಾರು ಅಜ್ಜಿ ಸತ್ತಳೆಂದು ಮೂರನೇ ಸಲ ರಜೆ ಬರೆದರು, ಎಲ್ಲಾ ಅವರ ಮಸ್ಟರ್ ರೋಲಿನಲ್ಲಿ ಇರುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಹಾಜರಿ ಕೂಗುವ ಚಟ ಮುಚ್ಚಲಿಲ್ಲ. ಕೂಗಿಸಿಕೊಳ್ಳುತ್ತಿದ್ದವರ ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿಬಿಡುತ್ತಾರೆ. ಕರೆದಾಗ ಕರೆದಲ್ಲೇ ಸಿಗುವುದು ಗಿಡ ಮಾತ್ರ.

ಹಾಗಾಗಿ ಸಸಿಗಳಿಗೆ ಟೋಕನ್ ನಂಬರು ಬಂತು. ರಟ್ಟಿನ ಉದ್ದನೆಯ ಪುಸ್ತಕ, ಕೆಂಪು ಶಾಯಿಯ ಗೆರೆ, ಮುತ್ತಿನಂಥ ಅಕ್ಷರ. ಒಮ್ಮೆ ಬಗ್ಗಿ ಓದಿದೆ: ‘ಹೊಂಗೆ ನಂ. 14: ಮೇಕೆಯಿಂದ ಭಾಗಶಃ ಗಾಯ. ಡ್ಯೂಟಿಗೆ ಹಾಜರ್. ನೇರಳೆ ನಂ. 17: ಎಲೆ ಉದುರಿದೆ, ವಿವರಣೆ ಕೇಳಲಾಗಿದೆ. ಬೇವು ನಂ. 9: ಗೈರುಹಾಜರು. ಟ್ರೀ ಗಾರ್ಡೂ ಗೈರುಹಾಜರು.’ ಟ್ರೀ ಗಾರ್ಡಿನ ವಿಚಾರದಲ್ಲಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಗಣಿಯ ಕಬ್ಬಿಣವೇ ಗುಜರಿ ಅಂಗಡಿಯ ದಾರಿ ಹಿಡಿದ ಊರು ಇದು. ಮಾರನೆಯ ದಿನವೇ ಜಾಲಿಮುಳ್ಳು ಕಡಿದು ತಂದು ಬೇಲಿ ಕಟ್ಟಿದರು. ‘ಮುಳ್ಳಿಗೆ ಗುಜರಿಯಲ್ಲಿ ರೇಟಿಲ್ಲ’ ಎಂದರು.

ಸಸಿ ಸಾರ್‌ಗೂ ಉಳಿದ ಸ್ವಯಂಸೇವಕರಿಗೂ ನಡುವೆ ಒಂದು ಗಡಿ ವಿವಾದವಿದೆ, ಕ್ಯಾಲೆಂಡರಿನದು. ಉಳಿದವರು ಜೂನ್ 5ರ ಭಕ್ತರು. ವಿಶ್ವ ಪರಿಸರ ದಿನ. ಒಂದು ಸಸಿಗೆ ಹನ್ನೊಂದು ಕೈ. ಕೈ ಎಟುಕದವರು ಹಿಡಿದವರ ಮೊಳಕೈ ಹಿಡಿದು ಪುಣ್ಯ ಕಟ್ಟಿಕೊಳ್ಳುತ್ತಾರೆ. ಜೂನ್ ತಪ್ಪಿಸಿಕೊಂಡವರಿಗೆ ಜುಲೈ ಮೊದಲ ವಾರದ ವನಮಹೋತ್ಸವ ಇದ್ದೇ ಇದೆ. ಕೋಲಾರ ಸೀಮೆಗೆ ನೆಚ್ಚಿಕೊಳ್ಳುವಂಥ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನಿನಲ್ಲಿ ಫೋಟೋ ತೆಗೆಸಿಕೊಂಡ ಸಸಿಗೆ ಮೊದಲು ಸಿಗುವುದು ಮಳೆಯಲ್ಲ, ಆಷಾಢದ ಗಾಳಿ. ಅದೂ ಬರಿಯ ಗಾಳಿಯೇ? ಚಿನ್ನ ತೆಗೆದು ಬಿಟ್ಟ ಪುಡಿಯನ್ನು ನೂರಿಪ್ಪತ್ತು ವರ್ಷ ಸುರಿದು ಎದ್ದ ಸೈನೈಡ್ ದಿಬ್ಬಗಳ ಮೇಲಿಂದ ಬೀಸುವ ಗಾಳಿ. ಊರಿನ ಹೆಸರಿನದೇ ಸಿನಿಮಾ ಬಂದ ಮೇಲೆ ಆ ದಿಬ್ಬದ ಮುಂದೆ ಸೆಲ್ಫಿ ತೆಗೆದುಕೊಳ್ಳಲು ದೂರದಿಂದ ಜನ ಬರುತ್ತಾರೆ. ಆಷಾಢದಲ್ಲಿ ಬಂದು ನೋಡಲಿ, ಕಣ್ಣು ಬಿಟ್ಟ ಒಂದು ಫೋಟೋ ಸಿಕ್ಕರೆ ಕೇಳಿ.

‘ವನಮಹೋತ್ಸವ ಶುರುಮಾಡಿದ್ದು 1950ರಲ್ಲಿ, ಮುನ್ಷಿಯವರು. ದೊಡ್ಡವರು. ಆದರೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ನಮ್ಮನ್ನೊಂದು ಮಾತು ಕೇಳಬೇಕಿತ್ತು’ ಎನ್ನುತ್ತಾರೆ ಸಸಿ ಸಾರ್. ಆಗ ತಾವು ಹುಟ್ಟಿಯೇ ಇರಲಿಲ್ಲ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಅವರ ನಿಜವಾದ ಸಾಮ್ರಾಜ್ಯ ಇರುವುದು ಆಂಡರ್ಸನ್‌ಪೇಟೆ ಕಡೆಯ ಒಂದು ಸರ್ಕಾರಿ ಶಾಲೆಯ ಹಿತ್ತಲಲ್ಲಿ. ಅಲ್ಲಿ ಅಗೆದರೆ ಮಣ್ಣಲ್ಲ, ಬೂದಿ ಬಣ್ಣದ ನುಣುಪು ಪುಡಿ. ನೀರು ಹಾಕಿದರೆ ಮೇಲೆ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ, ಕೆಳಗೆ ಒಣಗಿಯೇ ಇರುತ್ತದೆ. ಅದನ್ನೆಲ್ಲ ಎತ್ತಿಸಿ, ಯಾರದೋ ಟ್ರ್ಯಾಕ್ಟರಿನ ಡ್ರೈವರಿಗೆ ಬಾಡೂಟದ ಆಸೆ ತೋರಿಸಿ ಬೇತಮಂಗಲದ ಕಡೆಯಿಂದ ಕೆರೆಗೋಡು ತರಿಸಿದರು. ಕೊಟ್ಟಿಗೆಗೊಬ್ಬರಕ್ಕಾಗಿ ದನ ಸಾಕಿದವರ ಮನೆಗಳ ಮುಂದೆ ಬೆಳಿಗ್ಗೆಯೇ ಹೋಗಿ ನಿಲ್ಲುತ್ತಿದ್ದರು. ಹಾಲಿಗೆ ಬಂದಿದ್ದಾರೆಂದು ಲೋಟ ಹಿಡಿದು ಬಂದ ಹೆಂಗಸರು ‘ಅದಲ್ಲಮ್ಮಾ, ಇನ್ನೊಂದು’ ಎಂದದ್ದು ಕೇಳಿ ಬಾಗಿಲು ಹಾಕಿಕೊಂಡದ್ದೂ ಉಂಟು.

ಈಗ ಅಲ್ಲಿ ಕರಿಬೇವು, ನುಗ್ಗೆ, ಟೊಮೆಟೊ, ಒಂದು ಹೀರೆಯ ಚಪ್ಪರ. ಬಿಸಿಯೂಟದ ಸಾರಿಗೆ ಸೊಪ್ಪು ಹಿತ್ತಲಿನಿಂದಲೇ ಹೋಗುತ್ತದೆ; ರಸೀದಿ ಬರೆದುಕೊಟ್ಟ ಮೇಲೆ. ಒಂದೊಂದು ಗಿಡಕ್ಕೆ ಒಬ್ಬ ವಿದ್ಯಾರ್ಥಿ ಜವಾಬ್ದಾರಿ. ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗುವವರು ಐದನೆಯವರಿಗೆ ಚಾರ್ಜ್ ಒಪ್ಪಿಸಬೇಕು. ಒಬ್ಬ ಹುಡುಗಿ ‘ನುಗ್ಗೆ ಗಿಡ ಒಂದು, ಕಂಬಳಿಹುಳು ಸುಮಾರು, ಸುಸ್ಥಿತಿಯಲ್ಲಿ ಒಪ್ಪಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದ್ದಳು. ಸಸಿ ಸಾರ್ ಅದಕ್ಕೆ ಕೌಂಟರ್‌ಸೈನ್ ಮಾಡಿ, ‘ಸುಮಾರು ಅಂದರೆ ಎಷ್ಟು?’ ಎಂದು ಅಂಚಿನಲ್ಲಿ ಟಿಪ್ಪಣಿ ಬರೆದಿದ್ದರು. ಮಕ್ಕಳಿಗೆ ಅವರೆಂದರೆ ಭಯವಿಲ್ಲ. ಹೆಡ್‌ಮಿಸ್ಸಿಗೆ ಇದೆ.

ಕೆಲಸದ ಭಾಷೆಯೂ ಹಂಚಿಕೆಯಾಗಿದೆ. ವರದಿ ಕನ್ನಡದಲ್ಲಿ, ಎಣಿಕೆ ಇಂಗ್ಲಿಷಿನಲ್ಲಿ, ಬೈಗುಳ ತಮಿಳಿನಲ್ಲಿ. ಯಾರೂ ಇಲ್ಲವೆಂದುಕೊಂಡಾಗ ಗಿಡಗಳ ಜೊತೆ ಮೆಲ್ಲಗೆ ತೆಲುಗು. ಪಾರ್ಕಿನಲ್ಲಿ ಪೂಜೆಗೆಂದು ಪ್ಲಾಸ್ಟಿಕ್ ಚೀಲ ತಂದು ದಾಸವಾಳ ಬಿಡಿಸುವ ವಾಕಿಂಗ್ ಭಕ್ತರಿಗೆ ಮಾತ್ರ ನಾಲ್ಕೂ ಭಾಷೆ ಒಟ್ಟಿಗೆ. ‘ದೇವರಿಗೆ ಅಲ್ವಾ ಸಾರ್’ ಎಂದರೆ, ‘ದೇವರು ಇಲ್ಲೇ ಬಂದು ನೋಡ್ಕೊಂಡು ಹೋಗಲಿ, ಪಾಸ್ ಬೇಡ’ ಎನ್ನುತ್ತಾರೆ.

ಬಂಗಾರಪೇಟೆಯ ಸ್ವಯಂಸೇವಕರು ಬೇರೆ ಜಾತಿ. ವಾರವೆಲ್ಲ ಬೆಂಗಳೂರಿನ ರೈಲಿನಲ್ಲಿ ನೇತಾಡಿ, ಭಾನುವಾರ ಒಂದೇ ಬಣ್ಣದ ಟೀ ಶರ್ಟು, ರಬ್ಬರಿನ ಕೈಗವಸು ತೊಟ್ಟು ಪಾರ್ಕಿಗೆ ಬರುವ ಹುಡುಗರು. ಹುರುಪಿಗೆ ಕೊರತೆಯಿಲ್ಲ, ಕಳೆಯ ಜೊತೆ ಹೂವಿನ ಸಸಿಯನ್ನೂ ಕಿತ್ತು ಗುಡ್ಡೆ ಹಾಕುತ್ತಾರೆ. ಹನ್ನೊಂದಕ್ಕೆಲ್ಲ ಪಾನಿಪುರಿ ಗಾಡಿಯ ಮುಂದೆ. ಅಲ್ಲಿಯ ಪಾನಿಗೆ ಬಣ್ಣವಿಲ್ಲ, ನೋಡಲು ತಿಳಿನೀರು; ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಒಮ್ಮೆ ಅತಿಥಿಯಾಗಿ ಹೋಗಿದ್ದ ಸಸಿ ಸಾರ್ ಗಾಡಿಯ ಮೇಲಿನ ತುಂಬಿದ ಹಂಡೆಯನ್ನೂ ಪಾರ್ಕಿನ ಒಣಗಿದ ನಲ್ಲಿಯನ್ನೂ ಸರದಿಯಂತೆ ನೋಡಿ, ಪುಸ್ತಕ ತೆಗೆದು ಏನೋ ಬರೆದುಕೊಂಡರು. ಬರೆದು ಮುಗಿಸಿ ಎರಡು ಪ್ಲೇಟ್ ತಿಂದರು.

ಕಳೆದ ರಾಜ್ಯೋತ್ಸವಕ್ಕೆ ಅವರಿಗೊಂದು ಸನ್ಮಾನ ಏರ್ಪಾಡಾಯಿತು. ಶಾಲು ಹೊದಿಸಿ, ಪೇಟ ಇಟ್ಟರೆ ಮನುಷ್ಯ ಸ್ವಲ್ಪ ಮೆತ್ತಗಾಗುತ್ತಾನೆ ಎಂಬುದು ಸಮಿತಿಯ ಲೆಕ್ಕಾಚಾರ. ಹಾರ ಹಾಕಲು ಬಂದವರನ್ನು ತಡೆದು, ಚೆಂಡುಹೂವು ಎಲ್ಲಿಯದೆಂದು ವಿಚಾರಿಸಿ, ಮಾರ್ಕೆಟ್ಟಿನದೆಂದು ಖಾತ್ರಿಯಾದ ಮೇಲೆ ತಲೆ ಬಗ್ಗಿಸಿದರು. ‘ಎರಡು ಮಾತು ಆಡಿ’ ಎಂದಾಗ ಎದ್ದು ನಿಂತು, ಅಂಗಿಯೊಳಗಿನಿಂದ ರಟ್ಟಿನ ಪುಸ್ತಕ ತೆಗೆದರು. ಸಮಿತಿಯ ಮುಖ ಇಳಿಯಿತು.

‘ನಂ. 31, ಬಸವನಪಾದ. ಎರಡು ವರ್ಷದ ಹಿಂದೆ ನೆಟ್ಟವರು ಇಂದಿನ ಮುಖ್ಯ ಅತಿಥಿಗಳು. ಸಸಿ ಹಾಜರ್, ಎತ್ತರ ಏಳಡಿ. ನೆಟ್ಟವರು ಅಂದಿನಿಂದ ಗೈರುಹಾಜರು, ರಜೆ ಚೀಟಿ ಬಂದಿಲ್ಲ.’

ಸಭೆ ನಗಬೇಕೋ ಬೇಡವೋ ಎಂದು ಮುಖ್ಯ ಅತಿಥಿಗಳ ಮುಖ ನೋಡಿತು. ನಿರೂಪಕರು ಓಡಿಹೋಗಿ ಮೈಕಿನ ವೈರು ಎಳೆದರು. ಗಣಿಯ ಯಂತ್ರಗಳ ಗದ್ದಲದಲ್ಲಿ ಮೂವತ್ತು ವರ್ಷ ಹೆಸರು ಕೂಗಿದ ಗಂಟಲಿಗೆ ಮೈಕು ಯಾತಕ್ಕೆ? ಸಸಿ ಸಾರ್ ಪೇಟ ಸರಿಪಡಿಸಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು.

‘ನಂ. 32. ನೆಟ್ಟವರು, ಸನ್ಮಾನ ಸಮಿತಿಯ ಖಜಾಂಚಿಗಳು.’